ನೀರು ನಿಲ್ಲುವ ಜಾಗ

ತೊಂಬತ್ತರ ದಶಕದಲ್ಲಿ ಕಾಕಿ ಬುಕಿತ್ ಎಂಬ ಕೈಗಾರಿಕಾ ಪ್ರದೇಶದ ಗೋದಾಮೊಂದಕ್ಕೆ ಬೋರ್ನಿಯೋ ಕಾಡುಗಳ ಮೇಲೆ ಹಾರಿ ಸವೆದ ಪುಟ್ಟ ವಿಮಾನಗಳು ಬರುತ್ತಿದ್ದವು. ಯಾವುದನ್ನು ರಿಪೇರಿ ಮಾಡಿ ಮತ್ತೆ ಹಾರಿಸಬಹುದು, ಯಾವುದು ಗುಜರಿಗೆ ಎಂದು ನೋಡಿ ಹೇಳುವುದು ನಮ್ಮ ಪಕ್ಕದ ಮನೆಯ ಅಂಕಲ್ ಕೆಲಸ. ಕೆಲವು ಶನಿವಾರ ನಾನೂ ಜೊತೆಗೆ ಹೋಗುತ್ತಿದ್ದೆ. ವಿಮಾನ ಕೊಂಡವರು ರೆಕ್ಕೆ, ಬಣ್ಣ ತೋರಿಸುತ್ತಿದ್ದರೆ ಇವರು ನೇರ ಬಾಲದ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

"ನೀರು ನಿಲ್ಲೋ ಜಾಗ ಮೊದ್ಲು ನೋಡ್ಬೇಕು," ಎನ್ನುತ್ತ ತಳದ ತಗಡನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನೀರು ತಿಂದು ಒಳಗೇ ಲಡ್ಡಾಗಿದ್ದರೆ ಅದು ತಗ್ಗಾಗಿ ಹಾಗೇ ಉಳಿಯುತ್ತಿತ್ತು. ಆಗುವುದಿಲ್ಲ ಎಂಬ ಮಾತು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಎದ್ದು, ಟಾರ್ಪಾಲನ್ನು ನೀಟಾಗಿ ಎಳೆದು ಹೊದಿಸುತ್ತಿದ್ದರು. ಕೊಂಡವರಿಗೆ ಅಷ್ಟೇ ಸಾಕಾಗುತ್ತಿತ್ತು.

ಅಂಕಲ್ ಅವರ ಹೆಂಡತಿ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಆಂಟಿ ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಕೂತಿದ್ದರು.

"ಫ್ರೆಶ್ ಆಗಿ ಕಾಣ್ತಿದ್ದೀರಾ ಆಂಟಿ," ಎಂದೆ. ನನಗೆ ತೋಚಿದ್ದು ಅಷ್ಟೇ.

ಆಂಟಿ ಗಂಡನ ಕಡೆ ತಿರುಗಿದರು. "ನೆಕ್ಸ್ಟ್ ವೀಕ್ ಡಿಸ್ಚಾರ್ಜ್ ಆಗ್ಬಹುದು, ಅಲ್ವಾ?"

ಅಂಕಲ್ ಆಂಟಿಯ ಮುಖ ನೋಡಲಿಲ್ಲ. ಮಂಚದ ಕಾಲ ಬದಿಗೆ ಹೋಗಿ, ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬಿದ್ದ ಗುಳಿ ತುಂಬಲಿಲ್ಲ.

"ಏನ್ರೀ, ಹೇಳಿ," ಎಂದರು ಆಂಟಿ.

ಅಂಕಲ್ ಹೊದಿಕೆಯನ್ನು ನೀಟಾಗಿ ಎಳೆದು ಪಾದ ಮುಚ್ಚಿದರು.