ಕುರುಗೋಡಿಗೆ ಫೋನ್ ಹಚ್ಚಿಕೊಟ್ಟವನು

ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದವನ ಹೆಸರು ನಾನು ಕೇಳಲೇ ಇಲ್ಲ. ಯಾರು ಹೋದರೂ, "ಮೊದ್ಲು ಊರು ಹೇಳ್ರಿ" ಅನ್ನುತ್ತಿದ್ದ. ಬಳ್ಳಾರಿಗೆ ಒಂದು ಕೋಡ್, ಕುರುಗೋಡಿಗೆ ಇನ್ನೊಂದು. ಆಚೆ ಫೋನ್ ಎತ್ತಿದವರಿಗೆ ತಾನೇ ಎರಡು ಮಾತು ಹೇಳಿ, ರಿಸೀವರನ್ನು ಹೆಗಲ ಟವೆಲಿನಿಂದ ಒರೆಸಿ ಕೈಗೆ ಕೊಡುತ್ತಿದ್ದ.

ನನಗೆ ಓದು ಅಷ್ಟಕ್ಕಷ್ಟೆ. ಕುರುಗೋಡಿಗೆ ಕೊಟ್ಟ ಮಗಳ ನಂಬರನ್ನು ಬೆರಳು ಓಡುವ ದಾರಿಯಲ್ಲೇ ಕಲಿತಿದ್ದೆ. ಆಗ ಹತ್ತಿರದ ಊರುಗಳಿಗೆ ಕೋಡಿನ ಮೊದಲ ಸೊನ್ನೆ ತೆಗೆದು ತೊಂಬತ್ತೈದು ಒತ್ತಬೇಕಿತ್ತು.

ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಲು ಬೀಗಿತ್ತಿ ಹಿಂದೆಮುಂದೆ ನೋಡುತ್ತಿದ್ದಳು. ಕರೆಯಲು ಯಾವತ್ತು ಬರಲಿ ಎಂದು ಕೇಳಲು ಹೋದರೆ ಬೂತಿನವನು ಚಹಾಕ್ಕೆ ಹೋಗಿದ್ದ. ನಾನೇ ಒತ್ತಿದೆ. ಎಷ್ಟು ಸಲ ಒತ್ತಿದರೂ ಈ ನಂಬರ್ ಇಲ್ಲವೆಂದಿತು ಆಚೆಯ ರೆಕಾರ್ಡಿನ ದನಿ.

"ಬೀಗಿತ್ತಿ ಫೋನೇ ತೆಗಿಸ್ಯಾಳ! ಈಗ್ಲೇ ಹೋಗಿ ಜಾಡಿಸ್ತೀನಿ" ಎಂದು ಬಸ್ಸಿನ ಕಡೆ ಹೊರಟಾಗ ಅವನು ಎದುರು ಬಂದ.

"ಅಮ್ಮಾ, ತಡೀರಿ. ತೊಂಬತ್ತೈದು ಈಗ ನಡಿಯಂಗಿಲ್ಲ. ಮತ್ತ ಸೊನ್ನೆನೇ ತಂದಾರ."

"ಹಂಗಾರ ತೆಗೆದಿದ್ಯಾಕ ಮೂಳರು?"

ಅವನು ನಗಲಿಲ್ಲ. ನಂಬರ್ ಹಚ್ಚಿ, "ಸಿರುಗುಪ್ಪದಿಂದ ನಿಮ್ಮ ಬೀಗರು ಬಂದಾರ್ರಿ. ಮಗಳನ್ನ ಕರಿಯಾಕ ಯಾವತ್ತು ಬರ್ಲಿ ಅಂತ ಭಾಳ ನಯದಿಂದ ಕೇಳಾಕತ್ತಾರ" ಎಂದ. ನನ್ನ ಬಾಯಲ್ಲಿ ನಯವೇನೂ ಇರಲಿಲ್ಲ. ರಿಸೀವರ್ ಒರೆಸಿ ನನ್ನ ಕೈಗೆ ಕೊಟ್ಟ.

"ನಾಳೆನೇ ಬರ್ರಿ. ಆಕಿ ಸೀರಿ ಮಡಚಿ ಇಟ್ಕೊಂಡು ಕುಂತಾಳ" ಎಂದಳು ಬೀಗಿತ್ತಿ.

ಬಯ್ಯಲೆಂದೇ ನಿಂತಿದ್ದವಳು ನಾನು.

"ಊಟ ಆತೇನ್ರಿ?" ಎಂದೆ.