ಸಿಸ್ಟರಮ್ಮ ಎರಕ ಹೊಯ್ದ ಚಕ್ರಗಳು

ಆಪರೇಷನ್ ಥಿಯೇಟರಿನ ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೂ ಬೀದಿಗೆಲ್ಲ ಅವರು ಸಿಸ್ಟರಮ್ಮನೇ. ಶುಚಿಯ ವಿಷಯದಲ್ಲಿ ಅವರದು ಹಿಡಿದಿದ್ದೇ ಹಟ. ಗ್ಲೌಸು ಹಾಕದೆ ತರಕಾರಿಯನ್ನೂ ಹೆಚ್ಚುವುದಿಲ್ಲವೆಂದು ಅಕ್ಕಪಕ್ಕದವರು ಮೂಗು ಮುರಿಯುತ್ತಾರೆ. ಮುರಿಯಲಿ, ಮೂಗು ಅವರದೇ ತಾನೇ.

ಅವರ ಯಜಮಾನರು ರೈಲು ಓಡಿಸುತ್ತಿದ್ದವರು. ತಮ್ಮ ಹಳೆಯ ಎಂಜಿನ್ನಿನ ಪುಟ್ಟ ಮಾದರಿಯನ್ನು ಮರದಲ್ಲಿ ಕೆತ್ತಲು ಕೂತಿದ್ದರು. ಒಡಲು ಮುಗಿದು ಒಂದೇ ಒಂದು ಚಕ್ರ ಆಗುವಷ್ಟರಲ್ಲಿ ಕಣ್ಣು ಪೂರ್ತಿ ಕೈಕೊಟ್ಟಿತು. ಚಕ್ರವಿಲ್ಲದ ಎಂಜಿನ್ನನ್ನು ತಡವುತ್ತ ಅವರು ಸುಮ್ಮನೆ ಕೂರುವುದನ್ನು ನೋಡಲಾರದೆ ಸಿಸ್ಟರಮ್ಮ ಪಣ ತೊಟ್ಟರು. ಆ ಒಂದು ಚಕ್ರದಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಯಬೇಕು, ಅಚ್ಚಿಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಹೊಯ್ದು ಉಳಿದ ಚಕ್ರಗಳನ್ನೆಲ್ಲ ಮಾಡಬೇಕು.

ಚಕ್ರವನ್ನು ಡಬ್ಬಿಯಲ್ಲಿಟ್ಟು, ಎರಡು ದ್ರವ ಬೆರೆಸಿದ ಸಿಲಿಕೋನ್ ಹೊಯ್ದರೆ ಅಚ್ಚೇ ಕೂರಲಿಲ್ಲ. ಬಿಚ್ಚಿದರೆ ಹೊರಗೆಲ್ಲ ಗಟ್ಟಿ, ಚಕ್ರದ ಸುತ್ತ ಮಾತ್ರ ಜೇನಿನಂಥ ಅಂಟು. ಅಳತೆ ತಪ್ಪಿತೇನೋ ಎಂದು ತೂಕ ಮಾಡಿ ಮತ್ತೆ ಬೆರೆಸಿದರು. ಚಳಿಗೆ ಹೀಗಾಯಿತೇನೋ ಎಂದು ಡಬ್ಬಿಯನ್ನು ಬೆಚ್ಚಗಿನ ಕಡೆ ಇಟ್ಟರು. ಅದೇ ರಾಗ, ಅದೇ ಹಾಡು. ಪ್ರತಿ ಸಲವೂ ಗಾಯ ತೊಳೆದಂತೆ ಹತ್ತಿ, ಸ್ಪಿರಿಟ್ ಹಿಡಿದು ಚಕ್ರ ಒರೆಸಬೇಕು. ಕಡ್ಡಿಯಂಥ ಅರಗಳಲ್ಲಿ ಒಂದು ಆಗಲೇ ಅಲುಗುತ್ತಿತ್ತು. ಅದು ಮುರಿದರೆ ಇನ್ನೊಂದು ಕೆತ್ತುವವರಿಲ್ಲ.

“ಬಿಡೇ, ಚಕ್ರ ಇಲ್ದಿದ್ರೂ ಅದು ಎಂಜಿನ್ನೇ,” ಎಂದರು ಯಜಮಾನರು.

“ಅರ್ಧ ಆಪರೇಷನ್ ಮಾಡಿ ಪೇಷಂಟನ್ನ ಮನೆಗೆ ಕಳಿಸೋಳಲ್ಲ ನಾನು.”

ಕೆಟ್ಟ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಡಬ್ಬಿಗೆ ತಾಗಿದ ಕಡೆ ಸರಿಯಾಗಿದೆ, ಚಕ್ರಕ್ಕೆ ತಾಗಿದ ಕಡೆ ಕೆಟ್ಟಿದೆ. ರೋಗ ಚಕ್ರದ್ದೋ, ಅದನ್ನು ಹಿಡಿದ ಗ್ಲೌಸಿನ ಕೈಯದ್ದೋ? ಎರಡು ಅಂಗಿ ಗುಂಡಿ ತಂದರು. ಒಂದನ್ನು ಗ್ಲೌಸಿನ ಕೈಯಲ್ಲಿ, ಇನ್ನೊಂದನ್ನು ತೊಳೆದ ಬರಿಗೈಯಲ್ಲಿ ಹಿಡಿದು ಬೇರೆ ಬೇರೆ ಬಟ್ಟಲಲ್ಲಿಟ್ಟು ಸಿಲಿಕೋನ್ ಹೊಯ್ದರು. ಮರುದಿನ ಬರಿಗೈಯ ಗುಂಡಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಇನ್ನೊಂದು ಅಂಟಿಕೊಂಡೇ ಇತ್ತು. ರಬ್ಬರ್ ಗ್ಲೌಸಿನಲ್ಲಿರುವ ಗಂಧಕ ಈ ಬಗೆಯ ಸಿಲಿಕೋನನ್ನು ಗಟ್ಟಿಯಾಗಲು ಬಿಡದು. ಅತಿಯಾದರೆ ಅಮೃತವೂ ವಿಷ ಅನ್ನುವುದು ಶುಚಿಗೂ ಸಲ್ಲುತ್ತದೆ.

“ಊರವರ ಪ್ರಾಣ ಉಳಿಸಿದ ಗ್ಲೌಸು, ನನ್ನ ಚಕ್ರದ ಪ್ರಾಣ ತೆಗೀತಿತ್ತಲ್ಲೇ,” ಎಂದು ಯಜಮಾನರು ಬಹಳ ದಿನದ ಮೇಲೆ ನಕ್ಕರು.

ಸಿಸ್ಟರಮ್ಮ ಬರಿಗೈಯಲ್ಲಿ ಚಕ್ರವನ್ನು ಕೊನೆಯ ಸಲ ಒರೆಸಿದರು. ಅರ ಅಲುಗಿತು, ಮುರಿಯಲಿಲ್ಲ. ಅಚ್ಚು ಕೂತಿತು. ಪ್ಲಾಸ್ಟಿಕ್ ಗ್ಲೌಸು ತೊಟ್ಟು, ಗುಳ್ಳೆ ಏಳದಂತೆ ರೆಸಿನ್ನನ್ನು ಎಳೆ ಎಳೆಯಾಗಿ ಹೊಯ್ದು, ಚಕ್ರಗಳನ್ನೆಲ್ಲ ತೆಗೆದೇ ತೆಗೆದರು. ಹಟ ಅಂದರೆ ಅದು.

ಎಂಜಿನ್ ಕೈಗೆ ಬಂದಾಗ ಯಜಮಾನರು ಒಂದೊಂದೇ ಚಕ್ರವನ್ನು ಸವರಿದರು. ಬೆರಳು ಒಂದು ಕಡೆ ನಿಂತಿತು. ಮುಂದಿನ ಚಕ್ರದಲ್ಲೂ ಅಲ್ಲೇ ನಿಂತಿತು.

“ಇದು ನನ್ನ ಚಾಕು ಜಾರಿದ ಗುರುತು. ಎಲ್ಲದರಲ್ಲೂ ಬಂದಿದೆ. ತಿದ್ದಬಾರದಿತ್ತಾ?”

“ತಿದ್ದಿದ್ರೆ ಅದು ನನ್ನ ಚಕ್ರ ಆಗ್ತಿತ್ತು ಕಣ್ರೀ.”

ಯಜಮಾನರು ಎಂಜಿನ್ನನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ ಹೆಂಡತಿಯ ಕಡೆಗೆ ಓಡಿಸಿದರು.