ಶಿರಾ ಕ್ರೀಡಾಂಗಣದ ಪಡುವಣ ಗೇಟು

ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಪೋಸ್ಟಿಂಗ್ ಶಿರಾ. ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿ ಅಲ್ಲಿಗೆ ಹೋದಾಗ ಹೊಸ ಕ್ರೀಡಾಂಗಣಕ್ಕೆ ಮಂಜೂರಾತಿ ಸಿಕ್ಕಿ, ಜಾಗವೂ ಗೊತ್ತಾಗಿತ್ತು. ಅದು ವಾರಕ್ಕೊಮ್ಮೆ ಕುರಿಸಂತೆ ಸೇರುತ್ತಿದ್ದ ಬಯಲು. ಡಿಪಿಆರ್‌ನಲ್ಲಿ, ಅಂದರೆ ಕಾಮಗಾರಿಯ ವಿವರ ವರದಿಯಲ್ಲಿ, ಸ್ಥಳೀಯ ವ್ಯಾಪಾರ ಬೆಳೆಯುತ್ತದೆ ಎಂದು ಬರೆದಿತ್ತು. ಸಂತೆಯನ್ನು ಊರಾಚೆ ಹೈವೇ ಪಕ್ಕಕ್ಕೆ ಸಾಗಿಸಿದರು.

ಬಯಲಿನ ಪಡುವಣ ಅಂಚಿನಲ್ಲಿ ಸಾಕಮ್ಮ ಎಂಬವರ ಮುದ್ದೆ ಹೋಟೆಲ್ ಇತ್ತು. ದೊಡ್ಡೇರಿ, ಪಾವಗಡದ ಕಡೆಯಿಂದ ಬರುವ ಕುರಿ ವ್ಯಾಪಾರಿಗಳು ಅಲ್ಲೇ ಉಣ್ಣುತ್ತಿದ್ದರು. ಸಂತೆ ಹೋದರೂ ಆಕೆ ಜಾಗ ಬಿಡಲಿಲ್ಲ.

"ಗ್ರೌಂಡ್ ಆಗ್ಲಿ ಬುಡಿ ಸಾ. ಆಟ ನೋಡಕ್ ಬಂದೋರ್ಗೂ ಹೊಟ್ಟೆ ಹಸೀತದಲ್ವಾ?" ಎನ್ನುತ್ತಿದ್ದರು. ಕಿವಿಯ ಓಲೆ ಮಾರಿ ಹೋಟೆಲಿನ ಮುಂದಕ್ಕೆ ಶೀಟು ಹಾಕಿಸಿ, ಹೊಸ ಬೆಂಚು ತಂದರು.

ನಕ್ಷೆಯಲ್ಲಿ ಅವರ ಹೋಟೆಲಿನ ಎದುರಿಗೇ ಒಂದು ಗೇಟು ಇತ್ತು. ಕಟ್ಟಿದ್ದೂ ಆಯಿತು. ಆದರೆ ಕಾವಲಿಗೆ ಒಬ್ಬನೇ ಇರುವುದರಿಂದ ಮೂಡಣ ಗೇಟು ಸಾಕೆಂದು ಮೇಲಿನವರು ಇದಕ್ಕೆ ಬೀಗ ಹಾಕಿಸಿದರು. ತೆರೆಯಿರೆಂದು ಬರೆದೆ. "ಒಂದು ಹೋಟೆಲ್‌ಗೋಸ್ಕರ ಗೇಟ್ ತೆಗೀಬೇಕೇನ್ರೀ?" ಎಂದು ಫೋನಿನಲ್ಲಿ ಕೇಳಿದರು.

ಉದ್ಘಾಟನೆಗೆ ಶಾಲಾ ಮಕ್ಕಳ ಕ್ರೀಡಾಕೂಟ ಇಟ್ಟಿದ್ದರು. ಸಾಕಮ್ಮ ನೆರೆಯ ಹೆಂಗಸರನ್ನು ಕರೆದುಕೊಂಡು ಬೆಳಗಿನಿಂದ ಅಡುಗೆ ಮಾಡಿದರು. ಬಸ್ಸುಗಳೆಲ್ಲ ಮೂಡಣ ಗೇಟಿನಲ್ಲಿ ನಿಂತವು. ಊಟವನ್ನು ಬೇರೆ ಊರಿನ ಕೇಟರಿಂಗ್‌ನವರು ಒಳಗೇ ಬಡಿಸಿದರು. ಗೋಡೆಯಾಚೆ ಸಿಳ್ಳೆ, ಚಪ್ಪಾಳೆ. ಈಚೆ ಬೆಂಚಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

ಹೊತ್ತು ಇಳಿಯುವಾಗ ಸಾಕಮ್ಮ ಸಾರಿನ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಗೋಡೆ ಸುತ್ತಿ ಮೂಡಣ ಗೇಟಿಗೆ ಬಂದರು. "ದುಡ್ಡು ಬ್ಯಾಡ ಕಣಪ್ಪ. ಹಳಸೋಯ್ತದೆ, ಮಕ್ಳಿಗಾದ್ರೂ ಹಾಕ್ಬುಡ್ತೀನಿ" ಎಂದು ಕಾವಲುಗಾರನನ್ನು ಕೇಳಿದರು. ಹೊರಗಿನ ಊಟ ಬಿಡಬಾರದೆಂದು ಅವನಿಗೆ ಮೇಲಿನವರ ಆದೇಶವಿತ್ತು. ನಾನು ಹೇಳಿದರೂ ಅವನು ಕೇಳಲಿಲ್ಲ.

ಸಾಕಮ್ಮ ನನ್ನತ್ತ ತಿರುಗಿದರು. "ಇಷ್ಟ್ ಜನ ಬಂದವ್ರೆ. ಒಬ್ರೂ ನಮ್ಮೂರ್ ಅನ್ನ ಉಣ್ಣಂಗಿಲ್ವಾ ಸಾ?"



ಆಮೇಲೆ ಅಲ್ಲಿ ಆಟ ನಡೆದದ್ದು ಎಂದೋ ಒಂದು ದಿನ. ಪಡುವಣ ಗೇಟಿನ ಬೀದಿಯಲ್ಲಿ ಉಳಿದಿದ್ದ ಹಗ್ಗ ಮಾರುವವರು, ಟೀ ಅಂಗಡಿಯವರು ಸಂತೆಯ ಹಿಂದೆ ಹೋದರು. ಸಾಕಮ್ಮ ಹೋಗುವಷ್ಟರಲ್ಲಿ ಅಲ್ಲಿನ ಜಾಗವೆಲ್ಲ ಡಾಬಾದವರ ಪಾಲಾಗಿತ್ತು. ಆಕೆ ಹೋಟೆಲ್ ಮುಚ್ಚಿ, ಕೂಲಿಗೆಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಹತ್ತಿದರು. ಕೊನೆಗೂ ಅನುಮತಿ ಸಿಕ್ಕಿ ಪಡುವಣ ಗೇಟು ತೆರೆಸಿದಾಗ, ಆ ಬೀದಿಯಲ್ಲಿ ತೆರೆದಿದ್ದ ಒಂದು ಅಂಗಡಿಯೂ ಉಳಿದಿರಲಿಲ್ಲ.

ಕಟ್ಟಡ ಎದ್ದರೆ ವ್ಯಾಪಾರ ತಾನಾಗಿ ಬರುತ್ತದೆ ಎಂದು ನಾವು ಇಂಜಿನಿಯರುಗಳು ನಂಬುತ್ತೇವೆ. ವ್ಯಾಪಾರ ಇರುವುದು ಜನ ನಡೆದಾಡುವ ದಾರಿಯಲ್ಲಿ. ಆ ದಾರಿಯನ್ನು ಮುಚ್ಚುವುದು ಒಂದು ದಿನದ ಕೆಲಸ. ಮತ್ತೆ ಜನರನ್ನು ಅಲ್ಲಿ ನಡೆಸುವುದು ನಮ್ಮ ಇಲಾಖೆಯ ಕೈಲಿಲ್ಲ.